ಮಡಚಿಟ್ಟ ಮನೆ

ದೇಶ ಸುತ್ತಬೇಕು, ಕೋಶ ಓದಬೇಕು ಅನ್ನುತ್ತಾರೆ. ಮೇಸ್ತ್ರಿ ಕೋಶದ ಗೋಜಿಗೆ ಹೋದವನಲ್ಲ. ದೇಶವನ್ನೇನೋ ಸುತ್ತಿದ್ದ, ಆದರೆ ಹಿಮ್ಮುಖವಾಗಿ. ಮನೆ ಬದಲಾಯಿಸುವವರ ಸಾಮಾನು ಹೊರುವುದು ಅವನ ಕಸುಬು. ದೊಡ್ಡ ಬೀರುವನ್ನೋ ಮಂಚವನ್ನೋ ಮೆಟ್ಟಿಲು ಹತ್ತಿಸುವಾಗ ಮೇಲಿನ ತುದಿ ಹಿಡಿದವನು ಬೆನ್ನು ಮುಂದೆ ಮಾಡಿಕೊಂಡು ಏರಬೇಕು. ಮುಂದಿನ ಮೆಟ್ಟಿಲು ಅವನಿಗೆ ಕಾಣುವುದಿಲ್ಲ, ಹಿಮ್ಮಡಿಯಿಂದ ತಡವಿಕೊಂಡೇ ಹೋಗಬೇಕು. ಹೀಗೆ ಹಿಮ್ಮಡಿಯಲ್ಲೇ ಊರಿನ ಅರ್ಧ ಮನೆಗಳನ್ನು ನೋಡಿದವನು ಅವನು. ಯಾವ ಮನೆಯ ಮೆಟ್ಟಿಲು ಸವೆದಿದೆ, ಯಾವ ತಿರುವಿನಲ್ಲಿ ಮೊಣಕೈ ಗೋಡೆಗೆ ತಗಲುತ್ತದೆ ಎಂದು ಕೇಳಿದರೆ ನಿದ್ದೆಗಣ್ಣಲ್ಲೂ ಹೇಳಿಯಾನು. ಆ ಮನೆಗಳಲ್ಲಿ ಇರುವವರು ಯಾರು ಎಂದು ಕೇಳಿದರೆ ಮಾತ್ರ ಗೊತ್ತಿರುತ್ತಿರಲಿಲ್ಲ.

ತಂಡದಲ್ಲಿ ಐದು ಜನ, ನಾಲ್ಕು ದೇಶ. ಒಬ್ಬನ ಭಾಷೆ ಇನ್ನೊಬ್ಬನಿಗೆ ಬಾರದು. ಇಲ್ಲಿಯ ಭಾಷೆಯನ್ನು ಐವರೂ ಐದು ಥರ ಕೈಕಾಲು ಮುರಿದು ಮಾತಾಡುತ್ತಿದ್ದರು. ಆದರೆ ಭಾರ ಎತ್ತುವವರಿಗೆ ಬೇಕಾಗುವುದು ನಾಲ್ಕೇ ಮಾತು: ಎತ್ತು, ತಡಿ, ತಿರುಗಿಸು, ಇಳಿಸು. ಅದರಾಚೆಗೆ ಕಣ್ಣಿನ ಸನ್ನೆ. ಮೇಲಿನ ತುದಿ ಮೇಸ್ತ್ರಿಯದಾದರೆ ಕೆಳಗಿನ ತುದಿ ಗಡ್ಡದ್ದು. ಎದೆಯವರೆಗೆ ಗಡ್ಡ ಬಿಟ್ಟ ಆ ಮನುಷ್ಯನಿಗೆ ತಂಡದಲ್ಲಿ ಗಡ್ಡ ಅಂತಲೇ ಹೆಸರು. ಮೇಲಿನವನ ಕೈ ಜಾರಿದರೆ ಕೆಳಗಿನವನ ಕಥೆ ಮುಗಿಯಿತು. ಹೀಗೆ ಒಬ್ಬರ ಪ್ರಾಣ ಒಬ್ಬರ ಕೈಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಬದುಕಿದವರು ಅವರು. ಅಣ್ಣತಮ್ಮಂದಿರಲ್ಲೂ ಅಂಥ ನಂಬಿಕೆ ಸಿಗುವುದು ಕಷ್ಟ.

ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಳ್ಳಲ್ಲ. ಊರಿನವರ ಬೀರುವನ್ನೆಲ್ಲ ಹೊತ್ತ ಈ ಮೇಸ್ತ್ರಿಯ ಮನೆಯಲ್ಲಿ ಒಂದು ಬೀರು ಇರಲಿಲ್ಲ. ಬೀರು ಹಾಗಿರಲಿ, ಮಡಚಲು ಬಾರದ ಒಂದು ವಸ್ತುವೂ ಇರಲಿಲ್ಲ. ಮೂರನೇ ಮಹಡಿಯಲ್ಲಿ ಒಂದು ಹಾಲು, ಒಂದು ಅಡುಗೆಮನೆ. ಮಂಚಗಳು ಮಡಚುವಂಥವು, ಕುರ್ಚಿಗಳು ಮಡಚುವಂಥವು, ಊಟದ ಮೇಜಿಗೂ ಮಡಚುವ ಕಾಲು. ಬಟ್ಟೆಗಳೆಲ್ಲ ಎರಡು ಟ್ರಂಕಿನಲ್ಲಿ. ಬೆಳಗೆದ್ದು ಮಂಚ ಮಡಚಿ ಅಡುಗೆಮನೆ ಬಾಗಿಲ ಪಕ್ಕದ ಗೋಡೆಗೆ ಆನಿಸುವುದು, ರಾತ್ರಿ ಬಿಡಿಸುವುದು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಕ್ಯಾಲೆಂಡರು ಕೂಡ ಕಿಟಕಿಯ ಚಿಲಕಕ್ಕೆ ನೇತಾಡುತ್ತಿತ್ತು. ಗಂಡಹೆಂಡತಿ ಇಬ್ಬರೇ ಕೂಡಿ ಕೆಳಗಿಳಿಸಲಾರದ ವಸ್ತು ಮನೆಗೆ ಬರಬಾರದು ಎಂಬುದು ಮೇಸ್ತ್ರಿಯ ಕಟ್ಟಪ್ಪಣೆ.

ಇದು ಅವನೊಬ್ಬನ ಹುಚ್ಚಲ್ಲ. ಅವನ ಕಡೆಯಿಂದ ಬಂದವರೆಲ್ಲ ಶುರುವಿನಲ್ಲಿ ಹಾಗೇ ಇದ್ದರು. ಯಾರನ್ನು ಕೇಳಿದರೂ "ಮುಂದಿನ ವರ್ಷ ಹೋಗ್ತೀವಿ" ಅನ್ನುವವರೇ. ಮದುವೆಯಾಗಿ ಬಂದ ಹೊಸದರಲ್ಲಿ ಮೇಸ್ತ್ರಿಗೆ ಸಿಕ್ಕ ಮೊದಲ ಬಾಡಿಗೆ ಕೋಣೆಯ ಮಾಲೀಕ ಒಂದು ಸಂಜೆ ಬಂದು, ನಿಮ್ಮಂಥವರಿಗೆ ಇನ್ನು ಕೋಣೆ ಕೊಡುವುದಿಲ್ಲ, ನಾಳೆ ಖಾಲಿ ಮಾಡಿ ಅಂದಿದ್ದ. ಹೆಂಡತಿ ಆಸೆಪಟ್ಟು ಕೊಂಡಿದ್ದ ಮರದ ಮೇಜನ್ನು ಬೀದಿಯಲ್ಲೇ ಬಿಟ್ಟು ಹೋಗಬೇಕಾಯಿತು. ತಿರುಗಿ ನೋಡಿದರೆ ಯಾರದೋ ನಾಯಿ ಅದರ ಕೆಳಗೆ ಆರಾಮಾಗಿ ಮಲಗಿತ್ತು. ಆವತ್ತೇ ಮೇಸ್ತ್ರಿ ಪಾಠ ಕಲಿತ. ಉಳಿದವರು ಒಂದೆರಡು ವರ್ಷಕ್ಕೆ ಆ ಪಾಠ ಮರೆತು ಸೋಫಾ ತಂದರು, ಬೀರು ತಂದರು, ಗೋಡೆ ತುಂಬ ಫೋಟೋ ತೂಗುಹಾಕಿದರು. ಮೇಸ್ತ್ರಿ ಮಾತ್ರ ಮರೆಯಲಿಲ್ಲ. ಮೊಂಡುತನಕ್ಕೆ ಮದ್ದಿಲ್ಲ ನೋಡಿ.

ಹಾಗಂತ ಅವನು ಹಿಂದಿರುಗಿ ಹೋದನೇ? ಅದೂ ಇಲ್ಲ. ಮಧ್ಯೆ ಒಮ್ಮೆ ತಾಯಿ ತೀರಿಕೊಂಡಾಗ ಹೋಗಿಬಂದಿದ್ದ. ಹುಟ್ಟಿದ ಮನೆಯಲ್ಲಿ ತಮ್ಮನ ಸಂಸಾರ ಇತ್ತು. ತಮ್ಮನ ಮಗಳು ಇವನ ಹತ್ತಿರ ಕಿವುಡನೊಂದಿಗೆ ಮಾತಾಡುವಂತೆ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡಿದಳು. ಬಾಗಿಲಿಗೆ ಬಂದ ನೆರೆಯವರಿಗೆ "ಅಲ್ಲಿಂದ ಬಂದಿದಾರೆ" ಅಂತ ತೋರಿಸಿದಳು. ವಾಪಸು ಬಂದ ದಿನ ಇಲ್ಲಿಯ ಮೆಟ್ಟಿಲಲ್ಲಿ ಸಿಕ್ಕ ಪಕ್ಕದ ಮನೆಯಾಕೆ ತನ್ನ ಅಕ್ಕನಿಗೆ ಇವನನ್ನು ತೋರಿಸಿ ಅಂದದ್ದೂ ಅದೇ ಮಾತು, "ಅಲ್ಲಿಂದ ಬಂದೋರು." ಎರಡು ಕಡೆಯೂ ಒಂದೇ ಹೆಸರು. ಮೇಸ್ತ್ರಿಗೆ ಸಿಟ್ಟು ಬರಲಿಲ್ಲ, ಸುಸ್ತಾಯಿತು. ಆಮೇಲೂ ಅವನು ಮುಂದಿನ ವರ್ಷ ಹೋಗುತ್ತೇವೆ ಅನ್ನುವುದನ್ನು ಬಿಡಲಿಲ್ಲ. ಆದರೆ ಎಲ್ಲಿಗೆ ಎಂದು ತನ್ನನ್ನೇ ಕೇಳಿಕೊಳ್ಳುವುದನ್ನು ಬಿಟ್ಟುಬಿಟ್ಟ.

ಅವನ ಹೆಂಡತಿ ಒಂದು ದೊಡ್ಡ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಆಸ್ಪತ್ರೆ, ಹೋಟೆಲುಗಳಿಂದ ಬಂದ ಹೊದಿಕೆಗಳನ್ನು ಬಿಸಿಯಾಗಿರುವಾಗಲೇ ಮಡಚಿ ಅಟ್ಟಿ ಹಾಕುವ ಕೆಲಸ. ಹಗಲೆಲ್ಲ ಪರರ ಹೊದಿಕೆ ಮಡಚುವುದು, ಬೆಳಿಗ್ಗೆ ಸ್ವಂತ ಮಂಚ ಮಡಚುವುದು, ಸಂಜೆ ಟ್ರಂಕಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬಟ್ಟೆ ಮಡಚುವುದು. ಮಾತು ಕಡಿಮೆ. ನೆರೆಯವರ ಜೊತೆ ಮಾತಾಡಲು ಬರುವಷ್ಟು ಇಲ್ಲಿಯ ಭಾಷೆ ಕಲಿತದ್ದು ಗಂಡನಿಗಿಂತ ಮೊದಲು ಅವಳೇ. ಮಗಳ ಶಾಲೆಗೆ ಹೋಗುತ್ತಿದ್ದದ್ದೂ ಅವಳೇ. ಆ ಮಗಳು ಈಗ ಇದೇ ಊರಿನ ಹುಡುಗನನ್ನು ಮದುವೆಯಾಗಿ, ಎರಡು ಬೀದಿ ಆಚೆ, ಒಂದು ಕೂಸಿನ ತಾಯಿಯಾಗಿದ್ದಳು. ಅವಳ ಮನೆಯಲ್ಲಿ ಸಾಮಾನು ಎಷ್ಟೆಂದರೆ ನಡೆಯಲು ಓಣಿ ಬಿಟ್ಟುಕೊಂಡಿದ್ದಳು. ಹಸಿವು ಕಂಡವರು ಹೊಟ್ಟೆ ಬಿರಿಯ ಉಣ್ಣುತ್ತಾರಲ್ಲ, ಹಾಗೆ.

ಹೆಂಡತಿ ಗಂಡನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು. ಒಂದು ಬೀರು.

ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ಊರು ಬಿಡುತ್ತಿದ್ದ ಒಬ್ಬ ಮುದುಕಿ ತನ್ನ ಹಳೆಯ ಬೀರುವನ್ನು ಮೇಸ್ತ್ರಿಗೆ ಪುಕ್ಕಟೆ ಕೊಟ್ಟಳು. ಅವನೂ ಮನಸ್ಸು ಸಡಿಲಿಸಿ ತಂದ. ಗಡ್ಡ ಮತ್ತು ಅವನು ಸೇರಿ ಮೂರನೇ ಮಹಡಿಯ ಬಾಗಿಲ ತನಕ ಹೊತ್ತರು. ಒಳಗೆ ಹೆಂಡತಿ ಆಗಲೇ ಟ್ರಂಕು ಖಾಲಿ ಮಾಡಿ, ಎಲ್ಲರ ಬಟ್ಟೆಯನ್ನೂ ಗಲ್ಲದವರೆಗೆ ತಬ್ಬಿಕೊಂಡು ನಿಂತಿದ್ದಳು. ಕೆಳಗೆ ಇಡಲೂ ಮನಸ್ಸಿಲ್ಲ, ನೇರ ಬೀರುವಿಗೇ ಇಡಬೇಕೆಂಬ ಆತುರ. ಬೀರು ಬಾಗಿಲ ಚೌಕಟ್ಟಿಗೆ ಸಿಕ್ಕಿಕೊಂಡಿತು. ಸ್ವಲ್ಪ ವಾರೆ ಮಾಡಿದ್ದರೆ ಬರುತ್ತಿತ್ತು, ಮೇಸ್ತ್ರಿಗೆ ಅದು ಗೊತ್ತಿರಲಿಲ್ಲ ಎಂದರೆ ನಂಬುವವರು ಯಾರು? ಆದರೆ ಅಲ್ಲೇ ನಿಂತು ಅವನು ಯೋಚಿಸಿದ. ಆಮೇಲೆ, "ಹೋಗುವಾಗ ಇದನ್ನ ಏನ್ ಮಾಡೋದು?" ಅಂದ. ಅಂದವನೇ ಗಡ್ಡನಿಗೆ ಸನ್ನೆ ಮಾಡಿ, ಬೀರುವನ್ನು ಮೂರು ಮಹಡಿ ಮತ್ತೆ ಇಳಿಸಿದ.

ಅವನು ಮೇಲೆ ಬಂದಾಗಲೂ ಹೆಂಡತಿ ಬಟ್ಟೆ ತಬ್ಬಿಕೊಂಡೇ ನಿಂತಿದ್ದಳು.  ಮತ್ತೆ ಎಂದೂ ಬೀರುವಿನ ಸುದ್ದಿ ಎತ್ತಲಿಲ್ಲ. ಬೈದಿದ್ದರೆ ಮೇಸ್ತ್ರಿ ಮರೆಯುತ್ತಿದ್ದ.

ಹೀಗೆ ಕಾಲ ಕಳೆಯಿತು. ಕೊನೆಗೆ ಅವಳ ಮಂಡಿ ಕೈಕೊಟ್ಟಿತು. ದಿನವಿಡೀ ನಿಂತು ಮಡಚಿ ಮಡಚಿ ಎರಡು ಮಂಡಿಯೂ ಸವೆದಿದ್ದವು. ಲಾಂಡ್ರಿಯವರು ಒಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು. ಕೆಲಸ ಹೋದದ್ದಕ್ಕಿಂತ ದೊಡ್ಡ ಪೆಟ್ಟು ಅದರ ಹಿಂದೆ ಕಾದಿತ್ತು. ಈ ದೇಶದಲ್ಲಿ ಇರಲು ಅವಳಿಗಿದ್ದ ಅನುಮತಿ ಆ ಕೆಲಸಕ್ಕೆ ಅಂಟಿಕೊಂಡಿತ್ತು. ವರ್ಷ ವರ್ಷ ನವೀಕರಿಸುವ ಅನುಮತಿ. ಇಬ್ಬರೂ ಇಲ್ಲಿಯ ಪ್ರಜೆಗಳಾಗಬಹುದಿತ್ತು, ಎಂದೋ ಆಗಬಹುದಿತ್ತು. ಪ್ರತಿ ಸಲ ಮಗಳು ಹೇಳಿದಾಗಲೂ "ಮುಂದಿನ ವರ್ಷ ನೋಡೋಣ" ಅಂದವನು ಮೇಸ್ತ್ರಿಯೇ. ಈಗ ಸರ್ಕಾರ ಪ್ರಜೆಯೆಂದು ಒಪ್ಪಿದರೆ ಅವಳು ಇರಬಹುದು. ಇಲ್ಲವಾದರೆ ವರ್ಷ ಮುಗಿಯುವುದರೊಳಗೆ ಹೊರಡಬೇಕು, ಗಂಡ, ಮಗಳು, ಮೊಮ್ಮಗು ಎಲ್ಲರನ್ನೂ ಇಲ್ಲೇ ಬಿಟ್ಟು, ಅಲ್ಲಿ ಕಾಯುವವರು ಯಾರೂ ಇಲ್ಲದ ಕಡೆಗೆ.

ಮಗಳೇ ಓಡಾಡಿ ಅರ್ಜಿ ಹಾಕಿಸಿದಳು. ಭಾಷೆಯ ಪರೀಕ್ಷೆಯಲ್ಲಿ ತಾಯಿ ಗೆದ್ದಳು. ತಂದೆಯೂ ಈ ದೇಶದ ನದಿ, ಬೆಟ್ಟಗಳ ಹೆಸರು ಉರುಹೊಡೆದು ಹೇಗೋ ಪಾರಾದ. ಕೊನೆಯದಾಗಿ ಉಳಿದದ್ದು ಮನೆ ತಪಾಸಣೆ. ಅರ್ಜಿದಾರರು ನಿಜವಾಗಿ ಇಲ್ಲಿ ನೆಲೆನಿಂತು ಬಾಳುತ್ತಿದ್ದಾರೆಯೇ ಎಂದು ನೋಡಲು ಒಬ್ಬ ಅಧಿಕಾರಿ ಮನೆಗೇ ಬರುತ್ತಾರೆ. "ಅದೇನೂ ಕಷ್ಟ ಇಲ್ಲಮ್ಮ, ಇರೋ ಹಾಗೆ ಇದ್ರೆ ಸಾಕು" ಅಂದಳು ಮಗಳು. ಅವಳಿಗೂ ಹೊಳೆಯಲಿಲ್ಲ.

ಅಧಿಕಾರಿ ಬರುವ ದಿನ ಹೆಂಡತಿ ನಸುಕಿಗೇ ಎದ್ದಳು. ಅವಳು ಕಂಡ ಮರ್ಯಾದೆ ಒಂದೇ: ಬಂದವರ ಕಣ್ಣಿಗೆ ಮನೆ ಅಚ್ಚುಕಟ್ಟಾಗಿ ಕಾಣಬೇಕು, ಹಾಸಿಗೆ ಹೊದಿಕೆ ಕಾಲಿಗೆ ಸಿಗಬಾರದು. ಮಂಚಗಳನ್ನು ಮಡಚಿದಳು. ಮೇಜು ಮಡಚಿದಳು. ಕುರ್ಚಿಗಳಲ್ಲಿ ಒಂದನ್ನು ಅಧಿಕಾರಿಗೆಂದು ಬಿಟ್ಟು ಉಳಿದವನ್ನು ಮಡಚಿದಳು. ಎಲ್ಲವನ್ನೂ ಅಡುಗೆಮನೆ ಬಾಗಿಲ ಪಕ್ಕದ ಗೋಡೆಗೆ ಒರಗಿಸಿ ಮೇಲೆ ಒಗೆದ ಬಿಳಿ ಹೊದಿಕೆ ಮುಚ್ಚಿದಳು. ಪಾತ್ರೆ ತೊಳೆದು ಒರೆಸಿ ಡಬ್ಬದಲ್ಲಿಟ್ಟಳು. ಒಲೆಯನ್ನು ಹೊಸದರಂತೆ ಉಜ್ಜಿದಳು. ಚಪ್ಪಲಿಗಳೂ ಟ್ರಂಕಿನ ಹಿಂದೆ ಸೇರಿದವು. ಮೇಸ್ತ್ರಿ ಟ್ರಂಕಿನ ಹಿತ್ತಾಳೆ ಕೊಂಡಿಗಳಿಗೆ ಎಣ್ಣೆ ಹಾಕಿ ಹೊಳೆಯಿಸಿದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅನ್ನುತ್ತಾರಲ್ಲ, ಆ ಗಾದೆಯನ್ನು ಆ ಬೆಳಿಗ್ಗೆ ಗಂಡಹೆಂಡತಿ ಇಬ್ಬರೂ ಮೈಮುರಿದು ನಿಜ ಮಾಡಿದರು.

ಅಧಿಕಾರಿ ಮೇಸ್ತ್ರಿಯ ವಯಸ್ಸಿಗೆ ಹತ್ತಿರದ ಹೆಂಗಸು. ಮೂರು ಮಹಡಿ ಹತ್ತಿ ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ. ಬಾಗಿಲಲ್ಲೇ ನಿಂತು ಒಳಗೆ ನೋಡಿದಳು. ಖಾಲಿ ನೆಲ, ಖಾಲಿ ಗೋಡೆ, ನಡುವೆ ಒಂದು ಕುರ್ಚಿ.

"ಕೂತ್ಕೊಳ್ಳಿ ಮೇಡಂ" ಅಂದ ಮೇಸ್ತ್ರಿ.

ಅವಳು ಕೂರಲಿಲ್ಲ. "ನೀವು ಮಲಗೋದು ಎಲ್ಲಿ?"

"ಇಲ್ಲೇ ಮೇಡಂ."

"ಇಲ್ಲೇ ಅಂದ್ರೆ?" ಅವಳು ಹೋಗಿ ಬಿಳಿ ಹೊದಿಕೆಯ ತುದಿ ಎತ್ತಿ ನೋಡಿದಳು. ಟ್ರಂಕುಗಳ ಕಡೆ ನೋಡಿದಳು. ಅಡುಗೆಮನೆಗೆ ಹೋಗಿ ಒಲೆಯ ಮೇಲೆ ಬೆರಳಾಡಿಸಿದಳು. "ನೀವು ಎಲ್ಲಿಗಾದ್ರೂ ಹೊರಟಿದ್ದೀರಾ?"

"ಇಲ್ಲ ಮೇಡಂ, ಇಲ್ಲ" ಅಂದಳು ಹೆಂಡತಿ. ಅವಳಿಗೆ ಆಗ ಅರ್ಥವಾಯಿತು. ಹೋಗಿ ಹೊದಿಕೆ ಎಳೆದು ಹಾಕಿದಳು. ಒಂದು ಮಂಚ ಬಿಡಿಸಿದಳು, ಇನ್ನೊಂದು ಬಿಡಿಸಿದಳು, ಮೇಜಿನ ಕಾಲು ಎಳೆದಳು, ಕುರ್ಚಿಗಳನ್ನು ಒಂದೊಂದಾಗಿ ಟಪಟಪನೆ ಬಿಚ್ಚಿ ನಿಲ್ಲಿಸಿದಳು. ನೋವಿನ ಮಂಡಿಯಲ್ಲೇ ಅತ್ತಿಂದಿತ್ತ ಓಡಾಡಿ, ಅಂಗಡಿಯಲ್ಲಿ ಮಾಲು ತೋರಿಸುವವಳ ಹಾಗೆ ನಡುವೆ ನಿಂತಳು. "ನೋಡಿ ಮೇಡಂ. ಇಲ್ಲಿ ಮಲಗ್ತೀವಿ. ಇಲ್ಲಿ ಊಟ ಮಾಡ್ತೀವಿ."

ಅಧಿಕಾರಿಯ ಮುಖದಲ್ಲಿ ಕೋಪವಿರಲಿಲ್ಲ. ಇದ್ದದ್ದು ಇಡೀ ದಿನ ಮೆಟ್ಟಿಲು ಹತ್ತಿಳಿದವರ ದಣಿವು. ಅದನ್ನು ಮೇಸ್ತ್ರಿಯಷ್ಟು ಚೆನ್ನಾಗಿ ಬಲ್ಲವರು ಯಾರು? "ನನ್ನನ್ನ ತಪ್ಪು ತಿಳೀಬೇಡಿ" ಅಂದಳು. "ಬರೀ ವಿಳಾಸ ಬೇಕು ಅಂತ ಬಾಡಿಗೆ ಹಿಡಿದು, ತಪಾಸಣೆ ದಿನ ನಾಲ್ಕು ಸಾಮಾನು ತಂದಿಟ್ಟಿರೋ ಮನೆಗಳನ್ನ ತುಂಬ ನೋಡಿದೀನಿ. ಇದೂ ಹಾಗೇ ಕಾಣುತ್ತೆ. ಇಲ್ಲಿ ಯಾರೂ ವಾಸ ಇದ್ದ ಹಾಗಿಲ್ಲ. ಇನ್ನೊಂದು ಸಲ ಬರ್ತೀನಿ. ಆವತ್ತು ನನಗೆ ಮನವರಿಕೆ ಆಗ್ಲಿಲ್ಲ ಅಂದ್ರೆ ಅಮ್ಮನವರ ವಿಷಯದಲ್ಲಿ ನಾನೇನೂ ಮಾಡೋಕಾಗಲ್ಲ."

ಸುದ್ದಿ ಕೇಳಿ ಮಗಳು ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಓಡಿ ಬಂದಳು. ತಾಯಿಯ ಮುಖ ನೋಡಿ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ತಂದೆಯ ಮುಖ ನೋಡಿ ನುಂಗಿದ್ದೆಲ್ಲ ಹೊರಗೆ ಬಂತು.

"ಅವರು ಹೇಳಿದ್ರಲ್ಲಿ ತಪ್ಪೇನಿದೆ ಅಪ್ಪ? ನಾನು ಬೆಳೆದಿದ್ದು ಇದೇ ಮನೇಲಿ. ಗೆಳತಿಯರನ್ನ ಒಂದಿನ ಕರ್ಕೊಂಡು ಬರಲಿಲ್ಲ. ಒಬ್ಬಳು ತಾನಾಗೇ ಬಂದಿದ್ದಳು. ನೀವು ಯಾವಾಗ ಮನೆ ಖಾಲಿ ಮಾಡ್ತಿದ್ದೀರಾ ಅಂತ ಕೇಳಿದಳು. ನಂಗೆ ಆಗ ಒಂಬತ್ತು ವರ್ಷ. ಏನ್ ಹೇಳ್ಲಿ ಅಂತ ಗೊತ್ತಾಗದೆ, ಮುಂದಿನ ವರ್ಷ ಅಂದೆ."

"ನಿಮ್ಮ ಒಳ್ಳೇದಕ್ಕೇ ಅಲ್ವೇನಮ್ಮ ನಾನು..."

"ಯಾರ ಒಳ್ಳೇದಕ್ಕಪ್ಪ? ಯಾರೋ ಒಬ್ಬ ಒಂದಿನ ಹೊರಗೆ ಹಾಕಿದ. ಮಿಕ್ಕಿದ್ದಷ್ಟೂ ದಿನ ನಮ್ಮನ್ನ ಹೊರಗೆ ಹಾಕಿದ್ದು ನೀನು."

ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು ಕುಳಿತ.  ಮಗಳು ತನ್ನ ಮನೆಯಿಂದಲೇ ಸೋಫಾ ಕಳಿಸುತ್ತೇನೆ ಅಂದಳು. ಬೇಡ ಅಂದದ್ದು ತಾಯಿ. "ಕಡ ತಂದ ಸಾಮಾನು ಕಡದ್ದೇ. ಆಯಮ್ಮನಿಗೆ ಗೊತ್ತಾಗದೆ ಇರುತ್ತಾ?" ಅಂದು ಮೆಲ್ಲಗೆ ಬಾಗಿ ಮಂಚ ಮಡಚತೊಡಗಿದಳು. "ಅಮ್ಮಾ, ಬಿಡು!" ಎಂದು ಮಗಳು ಕಿರುಚಿದಳು. ಕೂಸು ಬೆಚ್ಚಿ ಅಳತೊಡಗಿತು. ಇನ್ನು ಮೇಲೆ ಈ ಮನೆಯಲ್ಲಿ ಯಾವುದನ್ನೂ ಮಡಚಕೂಡದು ಎಂದು ಮಗಳು ಆಣೆ ಹಾಕಿಸಿಕೊಂಡು ಹೋದಳು.

ಆ ವಾರ ತಂಡಕ್ಕೆ ಸಿಕ್ಕಿದ್ದು ತೀರಿಹೋದ ಒಬ್ಬ ವಕೀಲನ ಮನೆ. ವಾರಸುದಾರರಿಗೆ ಹಳೆಯ ಸಾಮಾನು ಬೇಡ, ಬೇಗ ಖಾಲಿ ಮಾಡಿದರೆ ಸಾಕು. ಮಲಗುವ ಕೋಣೆಯಲ್ಲಿ ಒಂದು ಬೀರು. ಗಟ್ಟಿ ಮರದ್ದು, ಮೂರು ಬಾಗಿಲು, ನಡುವಿನದಕ್ಕೆ ಕನ್ನಡಿ. ನಾಲ್ಕು ಜನ ಎತ್ತಿದರೂ ಒಮ್ಮೆಗೇ ಅಲುಗದ ಆಸಾಮಿ. ಅಲ್ಲೇ ಒಡೆದು ಸೌದೆಗೆ ಹಾಕಿ ಅಂದರು ವಾರಸುದಾರರು. ಗಡ್ಡ ಸುತ್ತಿಗೆ ತೆಗೆದ.

"ಒಡೀಬೇಡ" ಅಂದ ಮೇಸ್ತ್ರಿ. "ಇದು ನಂಗೆ ಬೇಕು."

ಗಡ್ಡ ಬೀರುವನ್ನೊಮ್ಮೆ ನೋಡಿದ, ಮೇಸ್ತ್ರಿಯನ್ನೊಮ್ಮೆ ನೋಡಿದ. "ಹಿಂದೊಂದ್ಸಲ ಹತ್ತಿಸಿ ಇಳಿಸಿದ್ವಲ್ಲ. ನನ್ನ ಸೊಂಟ ಇನ್ನೂ ಮರೆತಿಲ್ಲ."

"ಈ ಸಲ ಇಳಿಸಲ್ಲ."

"ಹಾಗಾದ್ರೆ ಸರಿ" ಅಂದ ಗಡ್ಡ. ಸುತ್ತಿಗೆಯನ್ನು ಚೀಲಕ್ಕೆ ಹಾಕಿದ.

ಭಾನುವಾರ ತಂಡದ ಐವರೂ ಬಂದರು. ಬೀದಿಯಲ್ಲಿ ಲಾರಿ ನಿಂತಿತು. ಎದುರು ಮನೆಗಳ ಕಿಟಕಿಗಳು ತೆರೆದವು. ಹೆಂಡತಿ ಮೇಲೆ ಮೆಟ್ಟಿಲಿನ ಕಟಕಟೆ ಹಿಡಿದು ನಿಂತಿದ್ದಳು. ಮೇಸ್ತ್ರಿ ರೂಢಿಯಂತೆ ಭಾರ ಹೊರುವ ಪಟ್ಟಿಯನ್ನು ಹೆಗಲಿಗೆ ಸುತ್ತಿಕೊಂಡು ಮೇಲಿನ ತುದಿಗೆ ಹೋದ. ಗಡ್ಡ ಆ ಪಟ್ಟಿಯನ್ನು ಅವನ ಹೆಗಲಿಂದ ಬಿಚ್ಚಿಕೊಂಡ.

"ಇವತ್ತು ನೀನು ಗಿರಾಕಿ."

"ಹುಚ್ಚಾ ನಿಂಗೆ? ನಾಲ್ಕು ಜನಕ್ಕೆ ಇದು ಏರುತ್ತಾ?"

"ಗಿರಾಕಿ ದಾರೀಲಿ ನಿಲ್ಲಬಾರದು ಸ್ವಾಮಿ. ದಾರಿ ಬಿಡಿ, ದಾರಿ ಬಿಡಿ" ಅಂದ ಗಡ್ಡ. ಮೇಸ್ತ್ರಿ ದಿನಾ ಗಿರಾಕಿಗಳಿಗೆ ಹೇಳುವ ಮಾತು ಅದು, ಅದೇ ರಾಗದಲ್ಲಿ. ಉಳಿದ ಮೂವರೂ ನಕ್ಕರು.

ಗಿರಾಕಿಯಾದವನು ಎಲ್ಲಿ ನಿಲ್ಲಬೇಕು, ಕೈಯನ್ನು ಏನು ಮಾಡಿಕೊಳ್ಳಬೇಕು ಎಂಬುದು ಮೇಸ್ತ್ರಿಗೆ ತಿಳಿಯದು. ಮುಂದೆ ಮುಖ ಮಾಡಿಕೊಂಡು ಅವನು ಮೆಟ್ಟಿಲು ಹತ್ತಿದ. ಕೆಳಗಿನಿಂದ ಬೀರು ಬರುತ್ತಿತ್ತು. ಮರ ನರಳುವ ಸದ್ದು, ಎತ್ತು, ತಡಿ, ಎತ್ತು. ಎರಡನೇ ತಿರುವಿನಲ್ಲಿ ಅದು ಸಿಕ್ಕಿಕೊಂಡಿತು. ಮೇಸ್ತ್ರಿಯ ಬಾಯಿಗೆ ಮಾತು ಬಂದಿತ್ತು. ಅಷ್ಟರಲ್ಲಿ ಗಡ್ಡನೇ "ತಿರುಗಿಸು" ಅಂದ. ಬೀರು ನೆಟ್ಟಗೆ ನಿಂತು, ತಿರುಗಿ, ಕಟಕಟೆಗೆ ಒಂದು ಗೀರು ಹಾಕಿ ಮೇಲೆ ಬಂತು. ಮುಂದೆ ಮನೆಬಾಗಿಲು. ಹಿಂದಿನದು ನಿಂತದ್ದು ಅಲ್ಲೇ. ಮೇಸ್ತ್ರಿ ಹೋಗಿ ಬಾಗಿಲನ್ನೇ ತಿರುಗಣಿಯಿಂದ ಕಿತ್ತು ಪಕ್ಕಕ್ಕಿಟ್ಟ. ಬೀರು ವಾರೆಯಾಗಿ, ಚೌಕಟ್ಟಿಗೂ ಒಂದು ಗೀರು ಹಾಕಿ, ಗೇಣು ಗೇಣಾಗಿ ಒಳಗೆ ಬಂದಿತು.

ನಾಲ್ವರೂ ಬೆವರುತ್ತ ಹಾಲಿನ ನಡುವೆ ನಿಂತರು. ಗಡ್ಡ ಕಸುಬಿನ ಪ್ರಶ್ನೆ ಕೇಳಿದ. "ಎಲ್ಲಿಡ್ಲಿ?"

ಮೇಸ್ತ್ರಿ ಬಾಯಿ ತೆರೆದ. ಸಾವಿರ ಮನೆಗಳಲ್ಲಿ ಅವನೇ ಕೇಳಿದ್ದ ಪ್ರಶ್ನೆ ಅದು. ತನ್ನ ಮನೆಯಲ್ಲಿ ಉತ್ತರ ಗೊತ್ತಿರಲಿಲ್ಲ. ಅಲ್ಲಿ ಯಾವ ವಸ್ತುವಿಗೂ ಒಂದು ಜಾಗ ಅಂತ ಇರಲೇ ಇಲ್ಲ.

"ಆ ಗೋಡೆಗೆ" ಅಂದಳು ಹೆಂಡತಿ. ಯೋಚಿಸಲೂ ಇಲ್ಲ. ಕಿಟಕಿಯ ಎದುರಿನ ಗೋಡೆ. ಆ ಗೋಡೆಯ ಹತ್ತಿರ ಅವಳು ಏನನ್ನೂ ಇಡಗೊಡುತ್ತಿರಲಿಲ್ಲ. ಮಗಳು ಶಾಲೆಯ ಚೀಲ ಇಟ್ಟರೂ ಎತ್ತಿಡುತ್ತಿದ್ದಳು, ಗುಡಿಸೋಕೆ ಅಡ್ಡ ಅನ್ನುತ್ತಿದ್ದಳು. ಇಷ್ಟು ವರ್ಷ ಆ ಜಾಗವನ್ನು ಅವಳು ಯಾತಕ್ಕೆ ಖಾಲಿ ಬಿಟ್ಟಿದ್ದಳು ಎಂಬುದು ಮೇಸ್ತ್ರಿಗೆ ಈಗ ತಿಳಿಯಿತು. ಬೀರು ಆ ಗೋಡೆಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಮೇಸ್ತ್ರಿ ಬಂದವರಿಗೆ ಟೀ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋದ. ಟೀ ಪುಡಿ ಎಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಅಧಿಕಾರಿ ಮರುವಾರ ಬಂದಳು. ಮಗಳು ಬೆಳಗಿನಿಂದಲೇ ಬಂದು ಕಾವಲು ಕೂತಿದ್ದಳು. ಮಂಚಗಳು ಬಿಡಿಸಿದಂತೆಯೇ ಇದ್ದವು, ಹಾಸಿಗೆಯಲ್ಲಿ ಸುಕ್ಕಿತ್ತು, ತೊಳೆಯದ ಎರಡು ಲೋಟ ಮೇಜಿನ ಮೇಲಿದ್ದವು. ಹೆಂಡತಿಯ ಕಣ್ಣು ಘಳಿಗೆಗೊಮ್ಮೆ ಆ ಲೋಟಗಳ ಕಡೆ ಹೋಗುತ್ತಿತ್ತು, ಮಗಳು ಕಣ್ಣಲ್ಲೇ ಗದರುತ್ತಿದ್ದಳು. ಯಾವ ಪ್ರಶ್ನೆಗೆ ಏನು ಹೇಳಬೇಕೆಂದು ತಾಯಿಗೆ ಬಾಯಿಪಾಠ ಮಾಡಿಸಿದ್ದಳು.

ಅಧಿಕಾರಿ ಈ ಸಲ ಕುರ್ಚಿಯಲ್ಲಿ ಕೂತಳು. ಬೀರುವನ್ನು ನೋಡಿದಳು. ಬಾಗಿಲ ಚೌಕಟ್ಟಿನ ಹೊಸ ಗೀರನ್ನೂ ನೋಡಿದಳು. "ಇದು ಹೋದ ಸಲ ಇರ್ಲಿಲ್ಲ."

"ಇಲ್ಲ ಮೇಡಂ" ಅಂದ ಮೇಸ್ತ್ರಿ. ಸುಳ್ಳು ಹೇಳಲು ಅವನಲ್ಲಿ ಶಕ್ತಿ ಉಳಿದಿರಲಿಲ್ಲ.

ಅಧಿಕಾರಿ ಹೆಂಡತಿಯ ಕಡೆ ತಿರುಗಿದಳು. "ಈ ಮನೇಲಿ ನೀವು ಯಾವಾಗಿಂದ ವಾಸ ಇದ್ದೀರಮ್ಮ?"

ಹದಿನೆಂಟು ವರ್ಷದಿಂದ. ಬಾಯಿಪಾಠ ಮಾಡಿಸಿದ್ದು ಅದನ್ನೇ, ನಿಜವೂ ಅದೇ. ಹೆಂಡತಿ ಬೀರುವಿನ ಕಡೆ ನೋಡಿದಳು. "ಹೋದ ಭಾನುವಾರದಿಂದ" ಅಂದಳು.

ಮಗಳು "ಅಮ್ಮಾ!" ಅಂದಳು. ಮೇಸ್ತ್ರಿ ಎಲ್ಲ ಮುಗಿಯಿತು ಅಂದುಕೊಂಡ.

"ಅದಕ್ಕೆ ಮುಂಚೆ?" ಅಧಿಕಾರಿ ಕೇಳಿದಳು.

"ಅದಕ್ಕೆ ಮುಂಚೆ ಹೊರಡ್ತಾ ಇದ್ವಿ ಮೇಡಂ." ಹೆಂಡತಿಯ ದನಿಯಲ್ಲಿ ಅಳುವೂ ಇರಲಿಲ್ಲ, ದೂರೂ ಇರಲಿಲ್ಲ. ಬರೀ ದಣಿವು. "ಹದಿನೆಂಟು ವರ್ಷ ಇಲ್ಲಿ ಹೊರಡ್ತಾನೇ ಇದ್ವಿ. ದಿನಾ ಬೆಳಿಗ್ಗೆ ಎದ್ದು ಎಲ್ಲಾ ಮಡಚಿ, ಅಗೋ ಅಲ್ಲಿ ಇಡ್ತಿದ್ದೆ."

ಅಧಿಕಾರಿ ಅವಳು ಕೈ ತೋರಿಸಿದ ಕಡೆ ನೋಡಿದಳು. ಅಡುಗೆಮನೆ ಬಾಗಿಲ ಪಕ್ಕದ ಗೋಡೆ. ಹೋದ ಸಲ ಅಲ್ಲಿ ಬಿಳಿ ಹೊದಿಕೆ ಮುಚ್ಚಿತ್ತು, ಅದನ್ನು ಎಳೆದಾಗಲೂ ಅವಳು ನೋಡಿದ್ದು ಮಂಚಗಳನ್ನೇ ಹೊರತು ಗೋಡೆಯನ್ನಲ್ಲ. ಎದೆಯೆತ್ತರದಲ್ಲಿ ಸುಣ್ಣ ಹೋಗಿ, ಗಾರೆ ಹೋಗಿ, ಒಳಗಿನ ಇಟ್ಟಿಗೆ ಕಾಣುವಷ್ಟು ಆಳಕ್ಕೆ ಎರಡು ಉದ್ದನೆಯ ಗೆರೆಗಳು ಸವೆದಿದ್ದವು. ಮಂಚದ ಕಬ್ಬಿಣದ ಅಂಚು ದಿನಾ ಒಂದೇ ಜಾಗಕ್ಕೆ ಆನಿಸಿದ್ದರ ಗುರುತು. ಕೆಳಗೆ ನೆಲದಲ್ಲಿ ಮಂಚದ ಕಾಲು ಊರಿದಲ್ಲೆಲ್ಲ ಬೊಟ್ಟಿಟ್ಟರೆ ಕೂರುವಂಥ ಗುಳಿಗಳು. ಅಧಿಕಾರಿ ಎದ್ದು ಹೋಗಿ ಆ ಗೆರೆಯೊಳಗೆ ಬೆರಳಿಟ್ಟಳು. ಬೆರಳು ಒಳಗೆ ಹೋಯಿತು.

ಒಂದು ಮೊಳೆ ಹೊಡೆಯಗೊಡದ ಮೇಸ್ತ್ರಿ ಗಾಬರಿಬಿದ್ದ. ಮಾಲೀಕನಿಗೆ ಹೇಳಿಬಿಟ್ಟರೆ ಎಂಬ ಹಳೆಯ ಭಯವೇ ಮೊದಲು ನಾಲಿಗೆಗೆ ಬಂತು. "ಅದು ಮೇಡಂ, ನಾನು ಸರಿ ಮಾಡಿಸ್ತೀನಿ. ಗಾರೆ ಹಾಕಿ ಸುಣ್ಣ ಹೊಡೆಸಿಬಿಡ್ತೀನಿ. ಹೋಗೋಷ್ಟರಲ್ಲಿ..." ಅಂದವನು ನಾಲಿಗೆ ಕಚ್ಚಿಕೊಂಡ.

"ಬೇಡ" ಅಂದಳು ಅಧಿಕಾರಿ. "ಅದನ್ನ ಮುಟ್ಟಬೇಡಿ. ಹಾಗೇ ಇರ್ಲಿ." ಬೆರಳಿಗಂಟಿದ ಗಾರೆಯ ಪುಡಿಯನ್ನು ಉಜ್ಜಿಕೊಂಡಳು.  ಆಮೇಲೆ ಅವಳು ಟೀ ಕೇಳಿದಳು. ಕುಡಿದು, ಲೋಟವನ್ನು ತೊಳೆಯದ ಆ ಎರಡು ಲೋಟಗಳ ಪಕ್ಕದಲ್ಲಿಟ್ಟು ಎದ್ದಳು. ಬಾಗಿಲಲ್ಲಿ ಹೆಂಡತಿಯ ಕೈ ಹಿಡಿದು, "ನೀವು ಎಲ್ಲಿಗೂ ಹೋಗಬೇಕಾಗಿಲ್ಲಮ್ಮ. ಕಾಗದ ಕೈಗೆ ಬರೋಕೆ ಸ್ವಲ್ಪ ದಿನ ಹಿಡಿಯುತ್ತೆ, ಅಷ್ಟೇ" ಅಂದಳು.

ಮಗಳು ಅತ್ತಳು, ನಕ್ಕಳು, ಗಂಡನಿಗೆ ಫೋನು ಮಾಡಿದಳು, ಕೂಸನ್ನು ಕರೆತರುತ್ತೇನೆ ಎಂದು ಓಡಿದಳು. ಮನೆಯಲ್ಲಿ ಇಬ್ಬರೇ ಉಳಿದರು. ಸಂತೋಷಪಡಬೇಕಾದ ಹೊತ್ತು. ಆದರೆ ಮೇಸ್ತ್ರಿಗೆ ಮೂರು ಮಹಡಿ ಭಾರ ಏರಿಸಿ ಇಳಿಸಿದ ಮೇಲಿನ ಆಯಾಸ.

ಹೆಂಡತಿ ಬೀರುವಿನ ಎರಡು ಬಾಗಿಲಿನ ಭಾಗಕ್ಕೆ ತನ್ನ ಬಟ್ಟೆಗಳನ್ನು ಅದು ಬಂದ ದಿನವೇ ಜೋಡಿಸಿಕೊಂಡಿದ್ದಳು. ಮಂಡಿ ಬಾಗಿಸುವ ಗೋಜಿಲ್ಲದೆ ನಿಂತಲ್ಲೇ ಕೈಗೆ ಸಿಗುವಂತೆ. ಮೂರನೆಯದು ಖಾಲಿ ಇತ್ತು. ಮೇಸ್ತ್ರಿಯ ಬಟ್ಟೆ ಇನ್ನೂ ಟ್ರಂಕಿನಲ್ಲೇ ಇತ್ತು. ಅವನು ಹೋಗಿ ಎಣ್ಣೆ ಹಾಕಿ ಹೊಳೆಸಿದ್ದ ಕೊಂಡಿ ತೆಗೆದ. ಅಂಗಿ, ಪ್ಯಾಂಟು, ಚಳಿಗಾಲದ ಕೋಟು, ಎಲ್ಲವನ್ನೂ ಒಮ್ಮೆಗೇ ಎತ್ತಿ ಗಲ್ಲದವರೆಗೆ ತಬ್ಬಿಕೊಂಡು ಬೀರುವಿನ ಮುಂದೆ ಬಂದು ನಿಂತ.

"ಎಲ್ಲಿಡ್ಲಿ?" ಅಂದ.

ಹೆಂಡತಿ ಮಂಚದ ಮೇಲೆ ಕೂತು ಕಾಲು ಚಾಚಿಕೊಂಡಿದ್ದಳು. ತಲೆಯೆತ್ತಿ ಅವನನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಸ್ವಲ್ಪ ಹೊತ್ತು ಹಾಗೇ ನಿಂತಿರ್ರೀ" ಅಂದಳು.

ಮೇಸ್ತ್ರಿ ನಿಂತ. ತೋಳು ನೋಯುತ್ತಿತ್ತು. ಅವನು ಕೆಳಗಿಡಲಿಲ್ಲ.